ಹಲವರು ಕೂಡಿ ಬರೆಯುವ ವಿಕಿ: ಓದುವ ಕ್ರಮ, ತಿದ್ದುವ ಕ್ರಮ

ಬೇಸಾಯದ ತಿಳಿವಳಿಕೆ ಒಂದೇ ಕಡೆ ನಿಲ್ಲುವಂಥದ್ದಲ್ಲ. ಹೊಸ ತಳಿಗಳು ಬರುತ್ತವೆ, ಹಳೆಯ ತಳಿಗಳು ರೋಗಕ್ಕೆ ತುತ್ತಾಗುತ್ತವೆ, ಒಂದು ಕಾಲದಲ್ಲಿ ಶಿಫಾರಸು ಮಾಡಿದ್ದ ಕೀಟನಾಶಕವನ್ನು ಮುಂದೊಂದು ದಿನ ಸರ್ಕಾರವೇ ನಿಷೇಧಿಸುತ್ತದೆ. ಆದರೆ ಅಚ್ಚಾದ ಪುಸ್ತಕ ಅಚ್ಚಾದ ದಿನದ ಮಾತನ್ನೇ ಹೇಳುತ್ತಿರುತ್ತದೆ. ಮರುಮುದ್ರಣವಾಗುವವರೆಗೆ ಅದನ್ನು ತಿದ್ದುವ ಉಪಾಯವಿಲ್ಲ.

ಈಗ ಬಹಳ ಮಂದಿ ರೈತರು ಮೊಬೈಲ್ ಫೋನಿನಲ್ಲಿ ಬೆಳೆಯ ಹೆಸರನ್ನೋ ರೋಗದ ಹೆಸರನ್ನೋ ಹುಡುಕಿ ಓದುವುದನ್ನು ರೂಢಿಸಿಕೊಂಡಿದ್ದಾರೆ. ಹಾಗೆ ಹುಡುಕಿದಾಗ ಎದುರಾಗುವ ಪುಟಗಳಲ್ಲಿ ವಿಕಿಪೀಡಿಯದ ಪುಟವೂ ಒಂದು. ಆ ಪುಟವನ್ನು ಬರೆದವರು ಯಾರು? ತಪ್ಪಿದ್ದರೆ ತಿದ್ದುವ ಅಧಿಕಾರ ಯಾರಿಗಿದೆ? ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು? ಈ ಪ್ರಶ್ನೆಗಳಿಗೆ ಉತ್ತರ ತಿಳಿದಿದ್ದರೆ ಓದುವವರು ಮೋಸಹೋಗುವುದಿಲ್ಲ. ಅಷ್ಟೇ ಅಲ್ಲ, ಓದುಗರೇ ಅದನ್ನು ತಿದ್ದಿ ಇತರರಿಗೆ ಉಪಕಾರ ಮಾಡಬಹುದು.

ವಿಕಿ ಎಂದರೇನು?

ಓದುವವರೇ ಬರೆಯಲೂ ತಿದ್ದಲೂ ಅವಕಾಶವಿರುವ ಅಂತರಜಾಲದ ಪುಟಗಳ ಸಮೂಹಕ್ಕೆ ವಿಕಿ ಎಂದು ಹೆಸರು. ಇಂತಹ ಮೊದಲ ಏರ್ಪಾಟನ್ನು 1995ರಲ್ಲಿ ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಅವರು ಮಾಡಿದರು. ಹವಾಯಿ ದ್ವೀಪದ ಭಾಷೆಯಲ್ಲಿ 'ವಿಕಿ' ಎಂದರೆ 'ಬೇಗ' ಎಂದರ್ಥ. ಹೊನೊಲುಲು ವಿಮಾನ ನಿಲ್ದಾಣದಲ್ಲಿ ಓಡುತ್ತಿದ್ದ ಬಸ್ಸಿನ ಹೆಸರಿನಿಂದ ಅವರು ಈ ಪದವನ್ನು ತೆಗೆದುಕೊಂಡರು.

ಇದೇ ಕ್ರಮದಲ್ಲಿ ಒಂದು ವಿಶ್ವಕೋಶವನ್ನು ಕಟ್ಟುವ ಕೆಲಸ 2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಆರಂಭವಾಯಿತು. ಅದೇ ವಿಕಿಪೀಡಿಯ. ಕನ್ನಡ ವಿಕಿಪೀಡಿಯ 2003ರಲ್ಲಿ, ತುಳು ವಿಕಿಪೀಡಿಯ 2016ರಲ್ಲಿ ಆರಂಭವಾದವು. ಕನ್ನಡದಲ್ಲಿ ಈಗ 30,000ಕ್ಕೂ ಹೆಚ್ಚು ಲೇಖನಗಳಿವೆ. ಇವುಗಳನ್ನು ಬರೆದವರಿಗೆ ಸಂಬಳವಿಲ್ಲ, ಸಂಭಾವನೆಯಿಲ್ಲ. ತಮಗೆ ತಿಳಿದುದನ್ನು ಬಿಡುವಿನ ವೇಳೆಯಲ್ಲಿ ಬರೆದವರೇ ಬಹುಪಾಲು.

ಪುಟದ ಭಾಗಗಳನ್ನು ಗುರುತಿಸಿ

ಅಡಿಕೆಯ ಪುಟವನ್ನು ತೆರೆದಿದ್ದೀರಿ ಎಂದುಕೊಳ್ಳಿ. ಕಣ್ಣಿಗೆ ಬೀಳುವ ಬರಹದ ಹಿಂದೆ ಇನ್ನೂ ಮೂರು ಭಾಗಗಳಿರುತ್ತವೆ.

ಮೊದಲನೆಯದು 'ಸಂಪಾದಿಸಿ'. ಇದನ್ನು ಒತ್ತಿದರೆ ಬರಹ ತಿದ್ದುವ ಸ್ಥಿತಿಗೆ ಬರುತ್ತದೆ. ಮೊಬೈಲಿನಲ್ಲಿ ಇದರ ಬದಲು ಪೆನ್ಸಿಲಿನ ಚಿತ್ರವಿರುತ್ತದೆ.

ಎರಡನೆಯದು 'ಇತಿಹಾಸ'. ಆ ಪುಟವನ್ನು ಯಾವ ದಿನ, ಎಷ್ಟು ಗಂಟೆಗೆ, ಯಾರು ತಿದ್ದಿದರು, ಏನು ಸೇರಿಸಿದರು, ಏನು ತೆಗೆದರು ಎಂಬುದೆಲ್ಲ ಇಲ್ಲಿ ಸಾಲಾಗಿ ದಾಖಲಾಗಿರುತ್ತದೆ. ಯಾವುದೇ ಎರಡು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬಹುದು. ಹಳೆಯ ಆವೃತ್ತಿಯನ್ನು ಮತ್ತೆ ತರಲೂಬಹುದು.

ಮೂರನೆಯದು 'ಚರ್ಚೆ'. ಬರಹದ ಬಗ್ಗೆ ಭಿನ್ನಾಭಿಪ್ರಾಯವಿದ್ದರೆ ಅದನ್ನು ಲೇಖನದೊಳಗೆ ತುರುಕದೆ ಇಲ್ಲಿ ಹೇಳಬೇಕು. ಒಂದು ಪುಟಕ್ಕೆ ಮಾತ್ರ ಸೇರದ, ಇಡೀ ವಿಕಿಗೆ ಸಂಬಂಧಿಸಿದ ವಿಷಯಗಳನ್ನು ಚರ್ಚಿಸಲು ಕನ್ನಡ ವಿಕಿಪೀಡಿಯದಲ್ಲಿ ಒಂದು ಪ್ರತ್ಯೇಕ ಪುಟವಿದೆ. ಅದರ ಹೆಸರು 'ಅರಳಿ ಕಟ್ಟೆ'. ಊರಿನ ಅರಳಿಕಟ್ಟೆಯಲ್ಲಿ ಹತ್ತು ಜನ ಕುಳಿತು ಮಾತಾಡಿ ತೀರ್ಮಾನಕ್ಕೆ ಬರುವ ಹಾಗೆಯೇ ಇಲ್ಲಿಯೂ ನಡೆಯುತ್ತದೆ.

ಯಾರ ಕೆಲಸ ಏನು?

ಎಲ್ಲರೂ ತಿದ್ದಬಹುದು ಎಂದ ಮಾತ್ರಕ್ಕೆ ಎಲ್ಲರಿಗೂ ಎಲ್ಲ ಸಲಕರಣೆಗಳೂ ಸಿಗುತ್ತವೆ ಎಂದಲ್ಲ. ಕೆಲಸಕ್ಕೆ ತಕ್ಕಂತೆ ಹೊಣೆಯನ್ನು ಹಂಚಲಾಗಿದೆ.

1. ಓದುಗರು: ಯಾವ ನೋಂದಣಿಯೂ ಇಲ್ಲದೆ ಎಲ್ಲವನ್ನೂ ಓದಬಹುದು. ಇತಿಹಾಸವನ್ನೂ ಚರ್ಚೆಯನ್ನೂ ನೋಡಬಹುದು.

2. ಖಾತೆಯಿಲ್ಲದೆ ತಿದ್ದುವವರು: ಹೆಚ್ಚಿನ ಪುಟಗಳನ್ನು ಇವರೂ ತಿದ್ದಬಹುದು. ಹೆಸರಿನ ಬದಲು ಒಂದು ತಾತ್ಕಾಲಿಕ ಗುರುತು ದಾಖಲಾಗುತ್ತದೆ.

3. ಖಾತೆ ತೆರೆದ ಸದಸ್ಯರು: ಇವರ ಎಲ್ಲ ತಿದ್ದುಪಡಿಗಳೂ ಒಂದೇ ಹೆಸರಿನಲ್ಲಿ ಸಿಗುತ್ತವೆ. ಸ್ವಂತ ಹೆಸರನ್ನೇ ಇಟ್ಟುಕೊಳ್ಳಬೇಕೆಂಬ ಕಟ್ಟಳೆಯಿಲ್ಲ. ತಮಗೆ ಬೇಕಾದ ಪುಟಗಳನ್ನು ವೀಕ್ಷಣಾಪಟ್ಟಿಗೆ ಸೇರಿಸಿಕೊಂಡು, ಅವುಗಳಲ್ಲಿ ಯಾರು ಏನು ಬದಲಿಸಿದರೂ ತಿಳಿದುಕೊಳ್ಳಬಹುದು. ಹೊಸ ಖಾತೆಗೆ ಮೊದಲ ದಿನಗಳಲ್ಲಿ ಕೆಲವು ಮಿತಿಗಳಿರುತ್ತವೆ. ಉದಾಹರಣೆಗೆ, ಇಂಗ್ಲಿಷ್ ವಿಕಿಪೀಡಿಯದಲ್ಲಿ 4 ದಿನ ಕಳೆದು 10 ತಿದ್ದುಪಡಿಗಳಾದ ಮೇಲೆ ಈ ಮಿತಿಗಳು ಸಡಿಲವಾಗುತ್ತವೆ.

4. ನಿರ್ವಾಹಕರು: ಸದಸ್ಯರು ಚರ್ಚಿಸಿ ಒಪ್ಪಿ ಆರಿಸಿದವರು. ಅನುಚಿತವಾದ ಪುಟವನ್ನು ಅಳಿಸುವುದು, ಅಳಿಸಿದ್ದನ್ನು ಮರಳಿ ತರುವುದು, ಪದೇ ಪದೇ ಕೆಡುತ್ತಿರುವ ಪುಟಕ್ಕೆ ಬೀಗ ಹಾಕುವುದು, ಹಾಳುಗೆಡವುವವರನ್ನು ತಡೆಯುವುದು ಇವರ ಕೆಲಸ.

5. ಅಧಿಕಾರಿಗಳು ಮತ್ತು ಮೇಲ್ವಿಚಾರಕರು: ಒಬ್ಬರಿಗೆ ನಿರ್ವಾಹಕರ ಸಲಕರಣೆಗಳನ್ನು ಕೊಡುವ ಅಧಿಕಾರ ಇವರದು. ಮೇಲ್ವಿಚಾರಕರು ಎಲ್ಲ ಭಾಷೆಗಳ ವಿಕಿಗಳಿಗೂ ಸಂಬಂಧಪಟ್ಟವರು. ಚಿಕ್ಕ ವಿಕಿಯಲ್ಲಿ ಇಂತಹ ಕೆಲಸಕ್ಕೆ ಸ್ಥಳೀಯರು ಇಲ್ಲದಿದ್ದರೆ ಅವರು ನೆರವಾಗುತ್ತಾರೆ.

6. ಬಾಟ್‌ಗಳು: ಇವು ಮನುಷ್ಯರಲ್ಲ, ಒಂದೇ ಬಗೆಯ ತಿದ್ದುಪಡಿಯನ್ನು ನೂರಾರು ಪುಟಗಳಲ್ಲಿ ತಾವಾಗಿಯೇ ಮಾಡುವ ಕಾರ್ಯಕ್ರಮಗಳು. ಇವುಗಳನ್ನು ನಡೆಸುವವರು ಮುಂಚಿತವಾಗಿ ಒಪ್ಪಿಗೆ ಪಡೆಯಬೇಕು.

ಇಲ್ಲಿ ಒಂದು ಮುಖ್ಯ ವಿಷಯವನ್ನು ಮನಗಾಣಬೇಕು. ಕೆರೆಯ ತೂಬನ್ನು ಎತ್ತುವುದು, ಇಳಿಸುವುದು ನೀರುಗಂಟಿಯ ಕೈಯಲ್ಲಿರುತ್ತದೆ. ಹಾಗೆಂದು ಕೆರೆ ಅವನದಲ್ಲ, ಯಾರ ಗದ್ದೆಗೆ ಎಷ್ಟು ನೀರು ಎಂಬುದನ್ನು ಅವನು ತನ್ನ ಇಷ್ಟದಂತೆ ಗೊತ್ತುಮಾಡುವಂತೆಯೂ ಇಲ್ಲ. ವಿಕಿಯ ನಿರ್ವಾಹಕರೂ ಹಾಗೆಯೇ. ಲೇಖನದಲ್ಲಿರುವ ಒಂದು ಅಂಕಿ ಸರಿಯೋ ತಪ್ಪೋ ಎಂಬ ಪ್ರಶ್ನೆ ಬಂದಾಗ ನಿರ್ವಾಹಕರ ಮಾತಿಗೆ ಹೆಚ್ಚಿನ ತೂಕವಿಲ್ಲ. ಡಾಕ್ಟರೇಟ್ ಪಡೆದ ವಿಜ್ಞಾನಿಯ ಮಾತಿಗೂ ಇಲ್ಲ, ಮೂವತ್ತು ವರ್ಷ ತೋಟ ಮಾಡಿದ ರೈತನ ಮಾತಿಗೂ ಇಲ್ಲ. ತೂಕ ಇರುವುದು ಆಧಾರಕ್ಕೆ. ಯಾವ ನಂಬಲರ್ಹ ಪ್ರಕಟಣೆಯಲ್ಲಿ ಹೀಗೆ ಹೇಳಿದೆ ಎಂಬುದನ್ನು ತೋರಿಸಿದವರ ಬರಹ ನಿಲ್ಲುತ್ತದೆ. ಇದರ ಪ್ರಯೋಜನವನ್ನೂ ಕಷ್ಟವನ್ನೂ ಅಡಿಕೆಯ ಪುಟದ ಮೂರು ಉದಾಹರಣೆಗಳಿಂದ ತಿಳಿಯೋಣ.

ಮೊದಲ ಉದಾಹರಣೆ: ತಪ್ಪಿದ ಅಂಕಿ

ಅಡಿಕೆಯ ಕೊಳೆರೋಗ ಮಲೆನಾಡು ಮತ್ತು ಕರಾವಳಿಯ ಬೆಳೆಗಾರರಿಗೆ ಚಿರಪರಿಚಿತ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಇಂದಿಗೂ ಇದರ ಹತೋಟಿಗೆ ಶೇ. 1ರ ಬೋರ್ಡೋ ದ್ರಾವಣವೇ ಮುಖ್ಯ. 1 ಕಿ.ಗ್ರಾಂ ಮೈಲುತುತ್ತ, 1 ಕಿ.ಗ್ರಾಂ ಸುಣ್ಣ, 100 ಲೀಟರ್ ನೀರು ಇದರ ಪ್ರಮಾಣ.

ಯಾರೋ ಒಬ್ಬರು ಪುಟವನ್ನು ತಿದ್ದುವಾಗ 100 ಲೀಟರ್ ಎಂಬುದು 1000 ಲೀಟರ್ ಆಯಿತು ಎಂದು ಭಾವಿಸೋಣ. ಹೆಚ್ಚಾದದ್ದು ಒಂದೇ ಸೊನ್ನೆ. ಆದರೆ ದ್ರಾವಣದ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಮೊದಲ ಸಿಂಪರಣೆಯನ್ನು ಮುಂಗಾರು ಹಿಡಿಯುವ ಮುನ್ನವೇ ಮುಗಿಸಬೇಕು. ಎರಡನೆಯದನ್ನು 40ರಿಂದ 45 ದಿನಗಳ ಅನಂತರ ಮಾಡಬೇಕು. ಈ ತಪ್ಪು ಅಂಕಿಯನ್ನು ನಂಬಿ ಸಿಂಪಡಿಸಿದ ರೈತನಿಗೆ ತಪ್ಪಿನ ಅರಿವಾಗುವ ವೇಳೆಗೆ ಜಡಿಮಳೆ ಹಿಡಿದಿರುತ್ತದೆ, ಎಳೆಗಾಯಿ ಉದುರಲು ತೊಡಗಿರುತ್ತದೆ. ಆ ವರ್ಷದ ಫಸಲು ಕೈಬಿಟ್ಟಂತೆ.

ಇಂತಹ ತಪ್ಪು ಕಂಡಾಗ ಇತಿಹಾಸವನ್ನು ತೆರೆಯಬೇಕು. ಯಾವ ದಿನ 100 ಎಂಬುದು 1000 ಆಯಿತು ಎಂಬುದು ಅಲ್ಲಿ ಕಾಣುತ್ತದೆ. ಆ ಒಂದು ತಿದ್ದುಪಡಿಯನ್ನು ಮಾತ್ರ ರದ್ದುಮಾಡಿ, ಪಕ್ಕದಲ್ಲಿ ವಿಶ್ವವಿದ್ಯಾನಿಲಯದ ಸುಧಾರಿತ ಬೇಸಾಯ ಪದ್ಧತಿಗಳ ಪುಸ್ತಕದ ಆಧಾರ ಕೊಟ್ಟರೆ ಮುಗಿಯಿತು. ಇದಕ್ಕೆ ನಿರ್ವಾಹಕರೇ ಬೇಕಾಗಿಲ್ಲ. ತಪ್ಪು ಮಾಡಿದವರನ್ನು ಬೈಯುವ ಅಗತ್ಯವೂ ಇಲ್ಲ. ಬಹುಪಾಲು ತಪ್ಪುಗಳು ಕೈತಪ್ಪಿ ಆದಂಥವೇ.

ಎರಡನೆಯ ಉದಾಹರಣೆ: ಕಾಲ ಮೀರಿದ ಮಾತು

ಅಡಿಕೆಯ ಬೇರುಹುಳುವಿನ ಹತೋಟಿಗೆ ಫೋರೇಟ್ ಹರಳು ಹಾಕಬೇಕೆಂದು ಹಳೆಯ ಪುಸ್ತಕಗಳಲ್ಲಿದೆ. ಅಂತಹ ಪುಸ್ತಕವನ್ನು ನೋಡಿ ಬರೆದ ಪುಟದಲ್ಲಿಯೂ ಅದೇ ಮಾತು ಉಳಿದಿರಬಹುದು. ಬರೆದ ಕಾಲಕ್ಕೆ ಅದು ಸರಿಯೇ. ಆದರೆ ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಆದೇಶದಂತೆ ಫೋರೇಟ್, ಡೈಕ್ಲೋರ್‌ವಾಸ್, ಫಾಸ್ಫಾಮಿಡಾನ್, ಟ್ರೈಅಜೋಫಾಸ್ ಮೊದಲಾದವುಗಳು 2020ರ ಡಿಸೆಂಬರ್ 31ರಿಂದ ಪೂರ್ಣವಾಗಿ ನಿಷೇಧಕ್ಕೊಳಗಾಗಿವೆ. ಎಂಡೋಸಲ್ಫಾನನ್ನು ಸರ್ವೋಚ್ಚ ನ್ಯಾಯಾಲಯ 2011ರ ಮೇ ತಿಂಗಳಿನಲ್ಲಿಯೇ ತಡೆಯಿತು.

ಇಲ್ಲಿ ಹಳೆಯ ವಾಕ್ಯವನ್ನು ಅಳಿಸಿಬಿಡುವುದಕ್ಕಿಂತ, 'ಹಿಂದೆ ಶಿಫಾರಸಿನಲ್ಲಿತ್ತು, ಈ ದಿನಾಂಕದಿಂದ ನಿಷೇಧಿಸಲಾಗಿದೆ' ಎಂದು ಆದೇಶದ ಆಧಾರ ಸಹಿತ ತಿದ್ದುವುದು ಲೇಸು. ಬರಿದೇ ಅಳಿಸಿದರೆ, ಹಳೆಯ ಪುಸ್ತಕವನ್ನು ಓದಿದ ಇನ್ನೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಮತ್ತೆ ಸೇರಿಸಿಯಾರು. ಕಾರಣ ಬರೆದಿದ್ದರೆ ಆ ಅಪಾಯವಿಲ್ಲ.

ಮೂರನೆಯ ಉದಾಹರಣೆ: ಸಹಿಸಲು ಕಷ್ಟವಾದ ಮಾತು

ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂಬ ವರ್ಗಕ್ಕೆ ಸೇರಿಸಿತು. ಅಡಿಕೆಯ ಬಗೆಗಿನ ಲೇಖನದಲ್ಲಿ ಈ ಮಾತಿಗೆ ಸ್ಥಾನವಿದೆ. ಅಡಿಕೆಯಿಂದಲೇ ಸಂಸಾರ ನಡೆಸುವವರಿಗೆ ಇದನ್ನು ಓದಿದಾಗ ಮನಸ್ಸಿಗೆ ನೋವಾಗುವುದು ಸಹಜ. ಅಳಿಸಿಬಿಡೋಣ ಎನ್ನಿಸುವುದೂ ಸಹಜ. ಅಳಿಸಲು ಬೇಕಾದದ್ದು ಒಂದು ಬೆರಳು ಮಾತ್ರ.

ಆದರೆ ಅಳಿಸಬಾರದು. ಆಧಾರವಿರುವ ಮಾತನ್ನು ತಮಗೆ ಒಪ್ಪಿಗೆಯಿಲ್ಲವೆಂದು ತೆಗೆಯುವ ಹಕ್ಕು ಯಾರಿಗೂ ಇಲ್ಲ. ನಿಮಗೆ ಆ ಹಕ್ಕನ್ನು ಕೊಟ್ಟರೆ, ನೀವು ಆಧಾರ ಸಹಿತ ಬರೆದ 100 ಲೀಟರ್ ಎಂಬ ಅಂಕಿಯನ್ನು ತೆಗೆಯುವ ಹಕ್ಕನ್ನು ಮತ್ತೊಬ್ಬರಿಗೂ ಕೊಡಬೇಕಾಗುತ್ತದೆ. ನಿಮ್ಮ ಬರಹವನ್ನು ಕಾಯುವ ಬೇಲಿಯೇ ನಿಮಗೆ ಬೇಡವಾದ ಬರಹವನ್ನೂ ಕಾಯುತ್ತದೆ. ಒಂದು ಕಡೆ ಬೇಲಿ ಮುರಿದು ಇನ್ನೊಂದು ಕಡೆ ಗಟ್ಟಿಯಾಗಿರಲಿ ಎಂದರೆ ಆಗದು.

ಬೆಳೆಗಾರರು ಮಾಡಬಹುದಾದದ್ದು ಬೇರೆ ಇದೆ. ಅಡಿಕೆಯ ಬೇಸಾಯ, ಬೆಳೆಯುವ ಪ್ರದೇಶ, ಹಾಳೆಯ ಉಪಯೋಗ, ಪೂಜೆ ಪುನಸ್ಕಾರಗಳಲ್ಲಿ ಅದರ ಸ್ಥಾನ ಮೊದಲಾದ ಸಂಗತಿಗಳನ್ನು ಆಧಾರ ಸಹಿತ ಸೇರಿಸಿ ಲೇಖನವನ್ನು ಪೂರ್ಣಗೊಳಿಸಬಹುದು. ವರದಿಯ ಮಾತನ್ನು ಅಲ್ಲಿರುವುದಕ್ಕಿಂತ ಹೆಚ್ಚು ಮಾಡಿ ಬರೆದಿದ್ದರೆ ಚರ್ಚೆಯ ಪುಟದಲ್ಲಿ ತೋರಿಸಿಕೊಡಬಹುದು. ಇಬ್ಬರು ಹಟ ಹಿಡಿದು ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತ ಹೋದರೆ ನಿರ್ವಾಹಕರು ಪುಟಕ್ಕೆ ಬೀಗ ಹಾಕುತ್ತಾರೆ, ಇಲ್ಲವೆ ಇಬ್ಬರನ್ನೂ ತಡೆಯುತ್ತಾರೆ. ಬದುವಿನ ಜಗಳದಲ್ಲಿ ಬೆಳೆ ಹಾಳಾದಂತೆ, ಇಲ್ಲಿ ನಷ್ಟವಾಗುವುದು ಓದುಗರಿಗೆ.

ತಿದ್ದುವ ಕ್ರಮ

1. ಮೊದಲು ಖಾತೆ ತೆರೆಯಿರಿ. ಹೆಸರು ಮತ್ತು ಗುಪ್ತಪದ ಸಾಕು. ಇ-ಮೇಲ್ ವಿಳಾಸ ಕೊಟ್ಟಿದ್ದರೆ ಗುಪ್ತಪದ ಮರೆತಾಗ ಅನುಕೂಲ.

2. ಕೈ ಪಳಗುವವರೆಗೆ ನಿಮ್ಮ ಪ್ರಯೋಗಪುಟದಲ್ಲಿ ಬರೆದು ನೋಡಿ. ಹೊಸ ತಳಿಯನ್ನು ಇಡೀ ಹೊಲಕ್ಕೆ ಬಿತ್ತುವ ಮುನ್ನ ಒಂದು ಮಡಿಯಲ್ಲಿ ಬಿತ್ತಿ ನೋಡುವುದಿಲ್ಲವೆ?

3. ಲೇಖನವನ್ನು ಪೂರ್ತಿ ಓದಿ, ಅದರ ಚರ್ಚೆಯ ಪುಟವನ್ನೂ ನೋಡಿ. ನೀವು ಹೇಳಬೇಕೆಂದಿರುವುದು ಅಲ್ಲಿ ಆಗಲೇ ತೀರ್ಮಾನವಾಗಿರಬಹುದು.

4. ಚಿಕ್ಕ ತಿದ್ದುಪಡಿಯಿಂದ ಆರಂಭಿಸಿ. ಕಾಗುಣಿತ, ಸ್ಥಳೀಯ ಹೆಸರು, ತಪ್ಪಿದ ಇಸವಿ ಇಂಥವು ಸಾಕು. ಒಂದೇ ಬಾರಿಗೆ ಇಡೀ ಪುಟವನ್ನು ಬದಲಿಸಬೇಡಿ.

5. ಬರೆದ ಪ್ರತಿ ಅಂಕಿಗೂ ಆಧಾರ ಕೊಡಿ. ಪುಸ್ತಕದ ಹೆಸರು, ಪ್ರಕಾಶಕರು, ವರ್ಷ, ಪುಟ ಸಂಖ್ಯೆ ಇರಲಿ. ಕೃಷಿ ವಿಶ್ವವಿದ್ಯಾನಿಲಯಗಳ ಪ್ರಕಟಣೆಗಳು, ಅಡಿಕೆಯ ವಿಷಯದಲ್ಲಾದರೆ ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಕಟಣೆಗಳು ಒಳ್ಳೆಯ ಆಧಾರಗಳು.

6. ಪ್ರಕಟಿಸುವ ಮುನ್ನ 'ಸಾರಾಂಶ' ಎಂಬ ಜಾಗದಲ್ಲಿ ಏನು ತಿದ್ದಿದಿರಿ, ಏಕೆ ತಿದ್ದಿದಿರಿ ಎಂದು ಒಂದು ಸಾಲು ಬರೆಯಿರಿ. ಇದನ್ನು ಅನೇಕರು ಬಿಟ್ಟುಬಿಡುತ್ತಾರೆ. ಮುಂದೆ ಇತಿಹಾಸವನ್ನು ನೋಡುವವರಿಗೆ ದಾರಿ ತೋರಿಸುವುದು ಈ ಒಂದು ಸಾಲೇ.

7. ಪ್ರಕಟಿಸಿದ ಮೇಲೆ ಪುಟವನ್ನು ವೀಕ್ಷಣಾಪಟ್ಟಿಗೆ ಸೇರಿಸಿ. ನಿಮ್ಮ ಬರಹವನ್ನು ಯಾರಾದರೂ ತೆಗೆದಿದ್ದರೆ ಕೂಡಲೇ ಮತ್ತೆ ಹಾಕಬೇಡಿ. ಚರ್ಚೆಯ ಪುಟದಲ್ಲಿ ಕಾರಣ ಕೇಳಿ.

ಬರೆಯಬಾರದ ವಿಷಯಗಳು

ಪುಸ್ತಕದಿಂದಾಗಲಿ ಪತ್ರಿಕೆಯಿಂದಾಗಲಿ ಸಾಲುಗಳನ್ನು ಹಾಗೆಯೇ ನಕಲು ಮಾಡಬಾರದು. ಅದರ ಹಕ್ಕು ಬೇರೆಯವರದು. ವಿಷಯವನ್ನು ತಿಳಿದುಕೊಂಡು ಸ್ವಂತ ವಾಕ್ಯದಲ್ಲಿ ಬರೆದು ಆಧಾರ ಸೂಚಿಸಬೇಕು. ನೀವು ಬರೆದದ್ದನ್ನು ಇತರರು ಹೆಸರು ಸೂಚಿಸಿ ಯಾವ ಉದ್ದೇಶಕ್ಕಾದರೂ ಬಳಸಬಹುದು ಎಂಬ ಒಪ್ಪಂದದ ಮೇಲೆಯೇ ವಿಕಿಪೀಡಿಯದಲ್ಲಿ ಬರಹ ಪ್ರಕಟವಾಗುತ್ತದೆ. ಚಿತ್ರಗಳಿಗೂ ಇದೇ ಮಾತು. ನಿಮ್ಮ ತೋಟದಲ್ಲಿ ನೀವೇ ತೆಗೆದ ರೋಗಪೀಡಿತ ಗೊನೆಯ ಚಿತ್ರವನ್ನು ಧಾರಾಳವಾಗಿ ಸೇರಿಸಿ. ಅಂತಹ ಸ್ಪಷ್ಟ ಚಿತ್ರಗಳು ಬಹಳ ಬೇಕಾಗಿವೆ.

ನಿಮ್ಮ ಸಸಿಮಡಿ, ನಿಮ್ಮ ಗೊಬ್ಬರದ ಅಂಗಡಿ, ನಿಮ್ಮ ಬಂಧುಗಳ ಕಂಪನಿಯ ಹೊಗಳಿಕೆ ಬೇಡ. ಮತ್ತೊಬ್ಬರ ಖಾಸಗಿ ವಿವರಗಳೂ ಬೇಡ.

ಸ್ವಂತ ಅನುಭವಕ್ಕೆ ಸ್ಥಳವೆಲ್ಲಿ?

'ನಾನು ಸ್ವತಃ ಮಾಡಿ ನೋಡಿದ್ದೇನೆ, ಅದಕ್ಕಿಂತ ದೊಡ್ಡ ಆಧಾರ ಯಾವುದು?' ಎಂದು ರೈತರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ವಿಶ್ವಕೋಶದಲ್ಲಿ ಬೇರೆಡೆ ಪ್ರಕಟವಾಗದ ಸ್ವಂತ ಅನುಭವಕ್ಕೆ ಎಡೆಯಿಲ್ಲ. ಅದನ್ನು ದೂರದಲ್ಲಿ ಕುಳಿತ ಓದುಗ ಪರೀಕ್ಷಿಸಿ ನೋಡಲಾರ. ಇದೇ ಕಟ್ಟಳೆ ವಿಜ್ಞಾನಿಗಳಿಗೂ ಇದೆ. ಪ್ರಕಟವಾಗದ ಪ್ರಯೋಗದ ಫಲಿತಾಂಶವನ್ನು ಅವರೂ ಅಲ್ಲಿ ಬರೆಯುವಂತಿಲ್ಲ.

ಹಾಗೆಂದು ಅನುಭವ ವ್ಯರ್ಥವಲ್ಲ. ರೈತರ ಸಂಘ, ಸಹಕಾರ ಸಂಘ ಅಥವಾ ಉತ್ಪಾದಕರ ಕಂಪನಿಯವರು ತಮ್ಮದೇ ಒಂದು ವಿಕಿಯನ್ನು ಏರ್ಪಡಿಸಿಕೊಳ್ಳಬಹುದು. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ಎಂಬ ತಂತ್ರಾಂಶ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಅದನ್ನು ಅಳವಡಿಸಲು ಊರಿನ ಕಂಪ್ಯೂಟರ್ ಬಲ್ಲ ಹುಡುಗರ ನೆರವು ಬೇಕಾಗುತ್ತದೆ, ಅಂತರಜಾಲದಲ್ಲಿ ಸ್ಥಳಕ್ಕೆ ಸ್ವಲ್ಪ ಖರ್ಚೂ ಬರುತ್ತದೆ. ಅಲ್ಲಿ ಕಟ್ಟಳೆಗಳನ್ನು ಮಾಡುವವರು ನೀವೇ.

ಇಂತಹ ವಿಕಿಯಲ್ಲಿ ಅನುಭವ ಬರೆಯುವಾಗ ಜಮೀನಿನ ವಿಸ್ತೀರ್ಣ, ಮಣ್ಣಿನ ಬಗೆ, ತಳಿ, ದಿನಾಂಕ, ಪ್ರಮಾಣ, ಆ ದಿನಗಳ ಮಳೆ, ಫಲಿತಾಂಶ ಇಷ್ಟನ್ನೂ ಬರೆಯಬೇಕು. ಉಪಚಾರ ಮಾಡದೆ ಬಿಟ್ಟ ಸಾಲಿನಲ್ಲಿ ಏನಾಯಿತು ಎಂಬುದನ್ನೂ ಬರೆದರೆ ಅದರ ಬೆಲೆ ಹೆಚ್ಚುತ್ತದೆ. ಸೋತ ಪ್ರಯತ್ನವನ್ನೂ ದಾಖಲಿಸಬೇಕು.

ಹೊಣೆಗಾರಿಕೆಯನ್ನು ಹೀಗೆ ಹಂಚಿಕೊಳ್ಳಬಹುದು. ಸದಸ್ಯರೆಲ್ಲರೂ ಬರೆಯಲಿ. ಔಷಧದ ಪ್ರಮಾಣ ಹೇಳುವ ಪುಟಗಳನ್ನು ಮಾತ್ರ ಇಬ್ಬರು ನೋಡಿ ಒಪ್ಪಿದ ಮೇಲೆ ಬೀಗದಲ್ಲಿಡಿ. ನಿರ್ವಾಹಕರು ಒಬ್ಬರೇ ಇರಬಾರದು, ಕನಿಷ್ಠ ಮೂವರಿರಲಿ. ಕೀಲಿಕೈ ಒಬ್ಬರಲ್ಲೇ ಇದ್ದು ಅವರು ಊರು ಬಿಟ್ಟರೆ ಕಣಜವಿದ್ದೂ ಕಾಳಿಲ್ಲದಂತಾಗುತ್ತದೆ. ತಿಂಗಳಿಗೊಮ್ಮೆ ಎಲ್ಲ ಪುಟಗಳ ಪ್ರತಿಯನ್ನು ಬೇರೊಂದು ಕಡೆ ತೆಗೆದಿಡಿ.

ಓದುವಾಗ ಎಚ್ಚರಿಕೆ

ವಿಕಿಪೀಡಿಯ ವಿಷಯ ತಿಳಿಸುವ ಪುಸ್ತಕವೇ ಹೊರತು ಸಲಹೆ ಕೊಡುವ ಕೇಂದ್ರವಲ್ಲ. ಸಿಂಪರಣೆಯ ಪ್ರಮಾಣವನ್ನು ಅದೊಂದನ್ನೇ ನಂಬಿ ಎಂದೂ ಬೆರೆಸಬೇಡಿ. ಡಬ್ಬಿಯ ಮೇಲಿನ ಚೀಟಿಯನ್ನು ಓದಿ, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ರೈತ ಸಂಪರ್ಕ ಕೇಂದ್ರವನ್ನಾಗಲಿ ವಿಚಾರಿಸಿ. ಪುಟದಲ್ಲಿ ಆಧಾರದ ಸಂಖ್ಯೆಯಿಲ್ಲದ ಅಂಕಿ ಕಂಡರೆ ಅನುಮಾನಿಸಿ. ಆಧಾರವಿದ್ದರೆ ಅದರ ಇಸವಿಯನ್ನು ನೋಡಿ. ಇತಿಹಾಸದಲ್ಲಿ ಆ ಅಂಕಿ ಇತ್ತೀಚೆಗೆ ಬದಲಾಗಿದೆಯೇ ಎಂದು ಪರೀಕ್ಷಿಸಿ.

ನೆನಪಿಡಬೇಕಾದ ಅಂಶಗಳು

- ತಿದ್ದಿದ್ದೆಲ್ಲವೂ ದಾಖಲಾಗುತ್ತದೆ. ಹಳೆಯದನ್ನು ಮರಳಿ ತರಬಹುದು. ಆದುದರಿಂದ ಹೆದರಬೇಕಾಗಿಲ್ಲ.
- ನಿರ್ವಾಹಕರು ಸಲಕರಣೆಗಳ ಹೊಣೆ ಹೊತ್ತವರು, ಸತ್ಯದ ಒಡೆಯರಲ್ಲ.
- ಆಧಾರವಿಲ್ಲದ ಅಂಕಿ ನಿಲ್ಲದು, ಆಧಾರವಿರುವ ಮಾತನ್ನು ಅಳಿಸಬಾರದು.
- ಪ್ರತಿ ತಿದ್ದುಪಡಿಗೂ ಒಂದು ಸಾಲಿನ ಕಾರಣ ಬರೆಯಬೇಕು.

ಅಭ್ಯಾಸ: ನೀವು ಚೆನ್ನಾಗಿ ಬಲ್ಲ ಒಂದು ಬೆಳೆಯ ಪುಟವನ್ನು ಈ ವಾರ ತೆರೆಯಿರಿ. ನಿಮ್ಮಲ್ಲಿರುವ ಬೇಸಾಯ ಪದ್ಧತಿಗಳ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಪುಟದ ಅಂಕಿಗಳನ್ನು ಒಂದೊಂದಾಗಿ ಹೋಲಿಸಿ. ತಪ್ಪಿದ್ದ ಒಂದನ್ನು ತಿದ್ದಿ, ಆಧಾರ ಕೊಟ್ಟು, ಕಾರಣ ಬರೆಯಿರಿ. ತಪ್ಪು ಒಂದೂ ಸಿಗದಿದ್ದರೆ ಆಧಾರವಿಲ್ಲದ ಒಂದು ಸರಿಯಾದ ಅಂಕಿಗೆ ಆಧಾರ ಸೇರಿಸಿ. ಹದಿನೈದು ದಿನಗಳ ಮೇಲೆ ಮತ್ತೆ ಆ ಪುಟದ ಇತಿಹಾಸವನ್ನು ತೆರೆದು, ನಿಮ್ಮ ತಿದ್ದುಪಡಿ ಉಳಿದಿದೆಯೇ, ಬದಲಾಗಿದ್ದರೆ ಯಾವ ಕಾರಣಕ್ಕೆ ಎಂದು ನೋಡಿ.